ಬಾವಿಗೆ ಇಳಿದ ಮಂಚಯ್ಯನಿಗೆ ಊರವರು ನೀರು ಕೊಟ್ಟದ್ದು

ಮಂಚಯ್ಯ ಹೊಸಹೊಳಲಿನ ಆಚೆಗಿನ ಹಳ್ಳಿಯವನು. ಹಳೆಯ ಬಾವಿಗಳಿಗೆ ಇಳಿದು ಹೂಳೆತ್ತುವುದು ಅವನ ಕಸುಬು. ಊರೂರಿಗೆ ಕುಡಿಯುವ ನೀರು ಮಾಡಿಕೊಟ್ಟ ಈ ಮನುಷ್ಯನಿಗೆ ನೀರು ಕುಡಿಯುವುದೆಂದರೆ ಮಾತ್ರ ಆಗುತ್ತಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಟೀ, ಊಟದ ಕೊನೆಗೆ ಮಜ್ಜಿಗೆ. ಹೆಂಡತಿ ಗೌರಮ್ಮ ಚೊಂಬು ತಂದಿಟ್ಟರೆ ಅದರಲ್ಲಿ ಕೈ ತೊಳೆದುಕೊಂಡು ಏಳುತ್ತಿದ್ದ.

ಮಳೆ ಕೈಕೊಟ್ಟ ವರ್ಷದ ಬೇಸಿಗೆಯಲ್ಲಿ ನಾಗಮಂಗಲದ ದಾರಿಯ ಒಂದು ಊರಿನ ಕೊಳವೆಬಾವಿ ಬತ್ತಿತು. ಟ್ಯಾಂಕರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದ ದಿನ ಬಿಂದಿಗೆಗಳು ಸೊಟ್ಟಗಾಗುವಷ್ಟು ಜಗಳ. ಕೊನೆಗೆ ಊರವರು ಸೇರಿ, ಕಸ ತುಂಬಿದ್ದ ಹಳೆಯ ಸೇದುಬಾವಿಯನ್ನೇ ಚೊಕ್ಕ ಮಾಡಿಸೋಣವೆಂದು ಮಂಚಯ್ಯನಿಗೆ ಹೇಳಿ ಕಳಿಸಿದರು. ಅವನು ಜೊತೆಗಾರ ಕರಿಯಯ್ಯನನ್ನು ಕರೆದುಕೊಂಡು ಬಂದ. ಮಂಚಯ್ಯ ಕೆಳಗೆ ಹೂಳು ತುಂಬುವುದು, ಕರಿಯಯ್ಯ ಮೇಲೆ ನಿಂತು ರಾಟೆಯಲ್ಲಿ ಬುಟ್ಟಿ ಎಳೆಯುವುದು.

ಇನ್ನೇನು ತಳ ಮುಟ್ಟಬೇಕು ಅನ್ನುವಾಗ, ಒಂದು ಬೆಳಗ್ಗೆ, ಬಾವಿಯ ಒಂದು ಮಗ್ಗುಲಿನ ಕಲ್ಲುಕಟ್ಟಡ ಕುಸಿಯಿತು. ಮಂಚಯ್ಯ ಗೋಡೆಯ ಪೊಟರೆಯೊಂದಕ್ಕೆ ನುಗ್ಗಿಕೊಂಡ. ಅವನ ಮುಂದೆ ಬಾಗಿಲು ಹಾಕಿದ ಹಾಗೆ ಕಲ್ಲುಗಳು ಬಿದ್ದವು. ಒಂದು ಕಾಲು ಹೊರಗೇ ಉಳಿದು ಕಲ್ಲಿನಡಿ ಸಿಕ್ಕಿತು.

ದೂಳು ಇಳಿದ ಮೇಲೆ ಕರಿಯಯ್ಯ ಬಗ್ಗಿ ಕೂಗಿದ. "ಮಂಚಣ್ಣಾ, ಬದ್ಕಿದ್ದೀಯಾ?"

"ಸತ್ತಿದ್ರೆ ಓ ಅಂತಿದ್ನೇನ್ಲಾ? ಕಾಲು ಸಿಕ್ಕಾಕ್ಕೊಂಡದೆ."

ಅಗ್ನಿಶಾಮಕದವರು ಬಂದು ನೋಡಿದರು. ಜೆಸಿಬಿ ಹಚ್ಚಿದರೆ ಉಳಿದ ಗೋಡೆಯೂ ಬೀಳುತ್ತದೆ, ಕಲ್ಲುಗಳನ್ನು ಒಂದೊಂದಾಗಿ ಎತ್ತಬೇಕು, ನಾಳೆಯವರೆಗೂ ಆಗಬಹುದು ಎಂದರು. ಸುದ್ದಿ ತಿಳಿದ ಗೌರಮ್ಮ ಮಧ್ಯಾಹ್ನದ ಬಸ್ಸಿಗೆ ಬಂದಿಳಿದಳು. ಬಾವಿಕಟ್ಟೆಯ ಮೇಲೆ ಕೂತಳು. ಯಾರು ಹೇಳಿದರೂ ಏಳಲಿಲ್ಲ.

ಕೆಳಗೆ ಮಂಚಯ್ಯನ ನಾಲಗೆ ಅಂಗುಳಿಗೆ ಅಂಟುತ್ತಿತ್ತು. ಕೈಗೆ ಎಟುಕಿದ ಹಸಿ ಹೂಳನ್ನು ಟವೆಲ್ಲಿಗೆ ಹಾಕಿ ಹಿಂಡಿ, ಒಸರಿದ ಹನಿಗಳನ್ನು ನೆಕ್ಕಿದ. ಕೊಚ್ಚೆ ವಾಸನೆ. ಮತ್ತೆ ಹಿಂಡಿದ. ಆಗ ಅಳು ಬಂತಂತೆ. ಅತ್ತದ್ದೂ ಹೌದು, ಕಣ್ಣೀರು ಮಾತ್ರ ಬರಲಿಲ್ಲ ಎಂದು ಆಮೇಲೆ ಹೇಳಿದ.

ಮೇಲೆ ಕರಿಯಯ್ಯನಿಗೆ ಅವನ ಮಾತು ತೊದಲುತ್ತಿರುವುದು ಗೊತ್ತಾಯಿತು. ಊರಿನ ನರ್ಸು ರಂಜನಿ ಹೇಳಿದಳು: "ಊಟ ಇಲ್ದಿದ್ರೂ ತಡ್ಕೋತಾರೆ. ಈ ಸೆಕೆಲಿ, ಪೆಟ್ಟಾದೋರು ನೀರಿಲ್ದೆ ನಾಳೆಗಂಟ ಇರೋದು ಕಷ್ಟ. ಎಂಗಾರ ಮಾಡಿ ನೀರು ತಲುಪಿಸ್ಬೇಕು."

ಯಾರದೋ ತೋಟದಿಂದ ಹನಿ ನೀರಾವರಿಯ ಸಣ್ಣ ಪೈಪನ್ನು ಕಿತ್ತು ತಂದರು. ಅಗ್ನಿಶಾಮಕದವನೊಬ್ಬ ಹಗ್ಗ ಕಟ್ಟಿಕೊಂಡು ಇಳಿದು ಅದನ್ನು ಕಲ್ಲುಗಳ ಸಂದಿಯಲ್ಲಿ ತೂರಿಸಿದ. ಮಂಚಯ್ಯ ತಡಕಾಡಿ ತುದಿ ಹಿಡಿದುಕೊಂಡ.

ಪೈಪೇನೋ ಆಯಿತು. ನೀರು? ಆ ದಿನ ಟ್ಯಾಂಕರು ಬಂದಿರಲಿಲ್ಲ. ಕಟ್ಟೆಯ ಸುತ್ತ ನಿಂತಿದ್ದವರ ಮನೆಗಳಲ್ಲಿ ಒಂದೆರಡು ಚೊಂಬು ಉಳಿದಿದ್ದರೆ ಹೆಚ್ಚು. ಪುಷ್ಪ ಎಂಬಾಕೆ ಮನೆಗೆ ಹೋದಳು. ಹಿಂದಿನ ದಿನವಷ್ಟೇ ಒಂದು ಬಿಂದಿಗೆ ನೀರಿಗಾಗಿ ಪಕ್ಕದ ಮನೆಯವಳ ಜುಟ್ಟು ಹಿಡಿದಿದ್ದವಳು ಅವಳು. ಚೊಂಬು ತಂದು ಗೌರಮ್ಮನ ಮುಂದೆ ಇಟ್ಟಳು.

"ಕಾಯ್ಸಿ ಆರ್ಸಿರೋದು ಕಣಕ್ಕ. ಮಗೀಗೆ ಅಂತ ಮಡಗಿದ್ದೆ."

ಜುಟ್ಟು ಹಿಡಿಸಿಕೊಂಡವಳು ಇನ್ನೊಂದು ಚೊಂಬು ತಂದಳು, ಅದು ಪುಷ್ಪಳದಕ್ಕಿಂತ ದೊಡ್ಡದಿತ್ತು. ಆಮೇಲೆ ಯಾರ ಚೊಂಬೂ ಮನೆಯಲ್ಲಿ ಉಳಿಯಲಿಲ್ಲ.

ರಂಜನಿ ಹೇಳಿದಂತೆ ಗೌರಮ್ಮ ಪೈಪಿನ ಬಾಯಿಗೆ ಸ್ವಲ್ಪ ಸ್ವಲ್ಪವೇ ಸುರಿದಳು. ಬಾವಿಯೊಳಕ್ಕೆ ಬಗ್ಗಿದಳು.

"ಬಂತಾ?" ಎಂದು ಕೂಗಿದಳು.

"ಬಂತು," ಎಂದ ಮಂಚಯ್ಯ. ಇನ್ನೊಂದು ಗುಟುಕು ಕುಡಿದು, "ಟೀ ಇಲ್ವಾ?"

"ಟೀ ಬೇಕಾದ್ರೆ ಮೇಲಕ್ಕೆ ಬಾ."

"ಅಂಗಾದ್ರೆ ಇನ್ನೊಸಿ ನೀರೇ ಬುಡು."

ಗೌರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಮುಂದಿನ ಚೊಂಬು ಎತ್ತಿಕೊಂಡಳು.

ಮಾರನೆಯ ಮಧ್ಯಾಹ್ನ ಅವನನ್ನು ಮೇಲೆ ತಂದರು. ಕೃಷ್ಣರಾಜಪೇಟೆಯಲ್ಲಿ ನೋಡಿದ ಡಾಕ್ಟರು, ನೀರು ಹೋಗಿರದಿದ್ದರೆ ಆಸೆ ಇರಲಿಲ್ಲ ಎಂದರು. ಕಾಲು ಕೂಡಿತು, ತುಸು ಗಿಡ್ಡವಾಗಿ. ಮಂಚಯ್ಯ ಬಾವಿಗೆ ಇಳಿಯುವುದನ್ನು ಬಿಟ್ಟ. ಮಳೆಗಾಲ ಕಳೆದ ಮೇಲೆ ಕರಿಯಯ್ಯ ಆಳುಗಳನ್ನು ಹಚ್ಚಿ ಅದೇ ಬಾವಿಗೆ ಸಿಮೆಂಟು ಬಳೆ ಇಳಿಸಿದ. ಮಂಚಯ್ಯ ಮೇಲೆ ಕೂತು ರಾಟೆ ನೋಡಿಕೊಂಡ. ತಳದಲ್ಲಿ ಸಿಹಿನೀರು ಬಂತು. ಆ ಊರು ಈಗಲೂ ಅದನ್ನೇ ಕುಡಿಯುತ್ತದೆ.

ಕಳೆದ ವರ್ಷ ಪುಷ್ಪಳ ಮೈದುನನ ಮದುವೆಗೆ ಗಂಡಹೆಂಡತಿ ಇಬ್ಬರಿಗೂ ಕರೆ ಬಂತು. ಹೋದರು. ಬಡಿಸುತ್ತಿದ್ದವನು ಗೌರಮ್ಮನ ಎಲೆಯ ಮುಂದೆ ನಿಂತು ಕೇಳಿದ: "ಗೊತ್ತಾಗ್ನಿಲ್ಲ ಕಣಮ್ಮ, ನೀವು ಗಂಡಿನ ಕಡೆಯೋರಾ, ಹೆಣ್ಣಿನ ಕಡೆಯೋರಾ?"

"ಬಾವಿ ಕಡೆಯೋರು," ಎಂದಳು ಗೌರಮ್ಮ. "ಪಾಯ್ಸ ಆಕು."