ತಬಿತಾಳ ಮನೆಯ ಹೊಸ್ತಿಲು

ಇಂಗ್ಲೆಂಡಿನ ನಮ್ಮ ಬಟ್ಟೆ ಗಿರಣಿಗಳ ಊರು ಬರ್ನ್ಲಿಯಲ್ಲಿ ಹೆಂಗಸಿನ ಮರ್ಯಾದೆ ಅಳೆಯುವುದು ಹೊಸ್ತಿಲಿನಿಂದ. ಶುಕ್ರವಾರ ಸಂಜೆ ಗಿರಣಿಯಿಂದ ಬಂದವಳು ಎಷ್ಟೇ ಸುಸ್ತಾಗಿರಲಿ, ಮಂಡಿಯೂರಿ ಹೊಸ್ತಿಲ ಕಲ್ಲನ್ನು ತೊಳೆಯಬೇಕು. ಚಿಂದಿಯವನು ಹಳೆ ಬಟ್ಟೆಗೆ ಬದಲಾಗಿ ಕೊಡುವ ಮೆದು ಕಲ್ಲಿನಿಂದ ಅದರ ಅಂಚನ್ನು ಬೆಳ್ಳಗೆ ಉಜ್ಜಬೇಕು. ಉಜ್ಜದವಳ ಮನೆಯಲ್ಲಿ ಯಾರೂ ಚಹಾ ಕೂಡ ಕುಡಿಯುವುದಿಲ್ಲ.

ಇದಕ್ಕೇ ತಿರುಗಿಬಿದ್ದವಳು ತಬಿತಾ ಓಮರಾಡ್. ಹತ್ತನೇ ವಯಸ್ಸಿಗೆ ಗಿರಣಿ ಸೇರಿದವಳು, ನನ್ನ ಪಕ್ಕದಲ್ಲೇ ನಾಲ್ಕು ಮಗ್ಗ ನಡೆಸುತ್ತಿದ್ದಳು. ಮದುವೆ ಒಲ್ಲೆ ಎಂದಳು, ಚರ್ಚು ಬಿಟ್ಟಳು, ಸಮಾಜವಾದಿಗಳ ಸಂಘ ಸೇರಿದಳು. ಗಂಡಸರ ನಡುವೆ ಕುರ್ಚಿ ಹತ್ತಿ ನಿಂತು ಅವಳು ಮಾತಾಡುವಾಗ ನನಗೆ ಹೆಮ್ಮೆಯೂ ಆಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಮುಂದೆ ಬರಲಿರುವ ಹೊಸ ಲೋಕವೆಲ್ಲ ಅವಳಿಗೆ ಕಾಣುತ್ತಿತ್ತು, ಕಾಲ ಕೆಳಗಿನ ಕಲ್ಲು ಮಾತ್ರ ಕಾಣುತ್ತಿರಲಿಲ್ಲ.

ಆ ವರ್ಷ ಅವಳು ಬಡವರ ಪರಿಹಾರ ಮಂಡಳಿಯ ಚುನಾವಣೆಗೆ ನಿಂತಳು. ದಿಕ್ಕಿಲ್ಲದವರನ್ನು ಕೂಡಿಹಾಕುವ ದುಡಿಮನೆಯಲ್ಲಿ ಮುದಿ ಗಂಡಹೆಂಡಿರನ್ನು ಬೇರೆ ಬೇರೆ ಇಡುತ್ತಿದ್ದರು. ಅದನ್ನು ನಿಲ್ಲಿಸಬೇಕೆಂಬುದೊಂದೇ ಅವಳ ಹಟ. ಅದಕ್ಕೆ, ಮನೆ ತಮ್ಮ ಹೆಸರಲ್ಲಿದ್ದು ಓಟಿನ ಹಕ್ಕಿದ್ದ ನಮ್ಮ ಬೀದಿಯ ವಿಧವೆಯರ ಬೆಂಬಲ ಬೇಕಿತ್ತು. ಅವರನ್ನು ಗೆಲ್ಲಲೆಂದೇ ಭಾನುವಾರ ತನ್ನ ಮನೆ ಪಕ್ಕದ ಬೀದಿಮೂಲೆಯಲ್ಲಿ ಕುರ್ಚಿ ಹಾಕಿಸಿದಳು.

"ಹೊಸ್ತಿಲು ಉಜ್ಜೋದ್ರಲ್ಲೇ ನಮ್ಮ ಆಯಸ್ಸು ಸವೀತಿದೆ ಕಣ್ರಮ್ಮ! ನಾನು ಬಿಟ್ಟು ಮೂರು ವರ್ಷ ಆಯ್ತು. ನೋಡಿ ನನ್ನ ಹೊಸ್ತಿಲನ್ನ, ಏನಾಗಿದೆ? ಬೆಳ್ಳಗೇ ಇಲ್ವಾ?"

ಜನ ಆ ಕಡೆ ತಿರುಗಿದರು. ಬೆಳ್ಳಗೇ ಇತ್ತು. ದೇವರನ್ನು ನಂಬದವಳು ಈ ಪವಾಡವನ್ನು ಹೇಗೆ ನಂಬಿದಳೋ!

ಗಿರಣಿಯ ಗದ್ದಲದಲ್ಲಿ ದನಿ ಕೇಳುವುದಿಲ್ಲ. ಹಾಗಾಗಿ ನಾವು ನೇಯುವ ಹೆಂಗಸರು ಸದ್ದಿಲ್ಲದೆ ತುಟಿ ಆಡಿಸಿಯೇ ಮಾತಾಡುತ್ತೇವೆ, ತುಟಿ ನೋಡಿಯೇ ತಿಳಿಯುತ್ತೇವೆ. ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ನಿಂತಿದ್ದ ವಿಧವೆ ಮಿಸೆಸ್ ಹಿಂಡಲ್ ನನ್ನತ್ತ ತಿರುಗಿ ತುಟಿ ಆಡಿಸಿದಳು:

"ಇವಳು ಶುಕ್ರವಾರ ಸಂಘಕ್ಕೆ ಹೋದ ಕೂಡ್ಲೇ ಇವಳವ್ವ ಮುದುಕಿ ಕೆಜಾಯಾ ನರಳ್ತಾ ಉಜ್ಜೋದು ಇವಳಿಗೆ ಗೊತ್ತೇ ಇಲ್ವಲ್ಲೇ!"

"ಸುಮ್ನಿರೇ. ಹೇಳ್ಬೇಡಿ ಅಂತ ಅವಳವ್ವ ಆಣೆ ಹಾಕಿಸ್ಕೊಂಡಿದ್ದಾಳೆ," ಎಂದು ನಾನೂ ತುಟಿಯಲ್ಲೇ ಹೇಳಿದೆ.

ಕುರ್ಚಿಯ ಮೇಲೆ ನಿಂತವಳೂ ನೇಯುವವಳೇ ಎಂಬುದು ನಮ್ಮಿಬ್ಬರಿಗೂ ಮರೆತೇಹೋಗಿತ್ತು.

ತಬಿತಾಳ ಮಾತು ಅರ್ಧಕ್ಕೆ ನಿಂತಿತು. ಕಿವಿಯವರೆಗೂ ಕೆಂಪಾಗಿ ಕುರ್ಚಿ ಇಳಿದು ಮನೆಯೊಳಗೆ ನಡೆದಳು. ನಾನು ಹಿಂದೆಯೇ ಓಡಿದೆ. ಒಲೆಯ ಪಕ್ಕ ಅವಳ ತಾಯಿ ಕೆಜಾಯಾ ಊದಿದ ಮಂಡಿಗಳಿಗೆ ಬಿಸಿ ಬಟ್ಟೆ ಇಟ್ಟುಕೊಂಡು ಕೂತಿದ್ದಳು.

"ಅವ್ವಾ, ಹೊಸ್ತಿಲು ಉಜ್ತಿದ್ದವಳು ನೀನಾ?"

"ಮತ್ತಿನ್ಯಾರು, ದೇವದೂತರು ಬಂದು ಉಜ್ತಾರಾ? ಅವರನ್ನೂ ನೀನು ಬಿಟ್ಟಾಯ್ತಲ್ಲ."

"ಬೇಡ ಅಂದಿದ್ನಲ್ಲವ್ವಾ! ಯಾಕೆ ಮಾಡ್ದೆ?"

"ಕೊಳಕು ಹೊಸ್ತಿಲಿನವಳು ಕುರ್ಚಿ ಹತ್ತಿದ್ರೆ ಈ ಬೀದೀಲಿ ಯಾರು ನಿಂತು ಕೇಳ್ತಿದ್ರು ಮಗಳೇ?"

ತಬಿತಾ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ನಾಚಿಕೆಯಿಂದ ಹಾಗೆ ಅತ್ತವರನ್ನು ನಾನು ಬೇರೆ ನೋಡಿಲ್ಲ. ಆಮೇಲೆ ಮುಖ ತೊಳೆಯದೆಯೇ ಹೊರಗೆ ಬಂದು, ಮತ್ತೆ ಕುರ್ಚಿ ಹತ್ತಿದಳು.

"ಈ ಹೊಸ್ತಿಲು ಉಜ್ಜಿದ್ದು ನನ್ನವ್ವ. ಅವಳ ಮಂಡಿ ಊದಿದ್ದು ನನಗೆ ಕಾಣಲಿಲ್ಲ. ನಿಮ್ಮ ಕಷ್ಟ ಗೊತ್ತು ಅಂತ ಇಷ್ಟು ದಿನ ಹೇಳ್ದೆ. ನನ್ನ ಮನೇದೇ ಗೊತ್ತಿರಲಿಲ್ಲ. ಕ್ಷಮಿಸಿ." ಅಷ್ಟೇ ಹೇಳಿ ಇಳಿದಳು. ಯಾರೋ ಗಂಡಸು ಕಿಸಕ್ಕೆಂದು ನಕ್ಕ. ಹೆಂಗಸರು ನಗಲಿಲ್ಲ.

ಇನ್ನೇನು, ಸೋತಳು ಎಂದುಕೊಂಡೆವು. ಗೆದ್ದಳು. ಅಭಿನಂದಿಸಲು ಬಂದವರ ಎದುರಿಗೇ ಮಿಸೆಸ್ ಹಿಂಡಲ್ ಅಂದಳು:

"ನಿನ್ನ ಭಾಷಣಕ್ಕೆ ಓಟು ಹಾಕಿದೆ ಅಂದ್ಕೋಬೇಡ ಕಣೇ. ನಾನು ಹಾಕಿದ್ದು ಕೆಜಾಯಾಳ ಮಂಡಿಗೆ."

"ಗೊತ್ತಕ್ಕ," ಎಂದಳು ತಬಿತಾ. ತಲೆ ಎತ್ತಲಿಲ್ಲ.