ಕಾಕನ ಜೊತೆ ನೀರಿಗಿಳಿದ ಭಾನುವಾರಗಳು

ನಾನು ಈಜು ಕಲಿತದ್ದು ನಲವತ್ತು ದಾಟಿದ ಮೇಲೆ. ಕಲಿಸಿದವರು ಪುತ್ತೂರಿನಲ್ಲಿ ನಾವು ಬಾಡಿಗೆಗಿರುವ ಮನೆಯ ಯಜಮಾನರು. ಕೆಳಗೆ ಅವರೂ ಅವರ ಹೆಂಡತಿಯೂ, ಮೇಲಿನ ಮಾಳಿಗೆಯಲ್ಲಿ ನಾನೂ ನನ್ನ ಹೆಂಡತಿಯೂ. ಯಜಮಾನರು ಬ್ಯಾರಿಗಳು, ಕರಾವಳಿಯ ಮುಸ್ಲಿಮರು. ಗಲ್ಫಿನ ಒಂದು ಬಂದರಿನಲ್ಲಿ ಸರಕಿನ ಗೋದಾಮು ನೋಡಿಕೊಂಡು ಅರ್ಧ ಆಯುಷ್ಯ ಕಳೆದು ಊರಿಗೆ ಮರಳಿದವರು, ಪೇಟೆಯಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದರು. ಬೀದಿಯವರೆಲ್ಲ ಕಾಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಹೆಂಡತಿಯನ್ನು ಅಕ್ಕ ಎಂದೆ. ಹೈಸ್ಕೂಲಿನಲ್ಲಿ ಗಣಿತ ಹೇಳುವ ನಾನು ಅವರಿಬ್ಬರಿಗೂ ಮಾಸ್ಟ್ರು.

ಭಾನುವಾರ ಅಂಗಡಿಗೆ ರಜೆ. ಬೆಳಗಿನ ನಮಾಜು ಮುಗಿಸಿ ಬಂದ ಕಾಕ ಮೆಟ್ಟಿಲ ಕೆಳಗೆ ನಿಂತು ಒಂದು ಸಲ ಕೆಮ್ಮುತ್ತಿದ್ದರು. ಅದೇ ಕರೆ. ಹೆಗಲಿಗೆ ಬೈರಾಸು ಹಾಕಿಕೊಂಡು ನಾನು ಇಳಿಯುವಷ್ಟರಲ್ಲಿ ಅಕ್ಕ ಅಕ್ಕಿರೊಟ್ಟಿಯಂಥ ಪತ್ತಿರಿಯನ್ನು ಬಾಳೆಲೆಯಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟಿರುತ್ತಿದ್ದರು. ನಾವು ಕಡಬದ ಕಡೆಗೆ ಹೋಗಿ ಕುಮಾರಧಾರೆಗೆ ಇಳಿಯುತ್ತಿದ್ದೆವು. ಬೇಸಗೆಯಲ್ಲೂ ಬತ್ತದ ಒಂದು ಆಳದ ಮಡು ಅಲ್ಲಿತ್ತು. ನನ್ನ ಹೊಟ್ಟೆಯ ಕೆಳಗೆ ಕೈಯಿಟ್ಟು ನೀರಿನ ಮೇಲೆ ಹಿಡಿದುಕೊಂಡು ಕಾಕ ಹೇಳುತ್ತಿದ್ದರು, “ನೀರನ್ನು ಹೊಡೀಬೇಡಿ ಮಾಸ್ಟ್ರೆ, ಅದು ನಿಮಗೆಂತ ಮಾಡಿದೆ? ಅದರ ಮೇಲೆ ಮಲಗುದು, ಅಷ್ಟೆ.”

ಮಳೆಗಾಲದಲ್ಲಿ ಹೊಳೆಗೆ ಇಳಿಯುವ ಹಾಗಿರಲಿಲ್ಲ. ಆಗ ಸುಮ್ಮನೆ ಕಾರಿನಲ್ಲಿ ಸುತ್ತುತ್ತಿದ್ದೆವು. ಕೊಯಿಲದ ಜಾನುವಾರು ಫಾರ್ಮಿನ ಹುಲ್ಲುಗುಡ್ಡದ ಪಕ್ಕ ನಿಂತು ಚಾ ಕುಡಿದು ಬರುತ್ತಿದ್ದೆವು. ಮಳೆ ನಿಂತು ಕಡಲು ತಣ್ಣಗಾದ ಮೇಲೆ ಆಗಾಗ ಮಂಗಳೂರು. ಅಲ್ಲಿನ ಬಿಸಿಲು ಕಾಕನಿಗೆ ಬಹಳ ಇಷ್ಟ. ಮರಳಿನಲ್ಲಿ ಮಕ್ಕಳು ಗಾಳಿಪಟ ಹಾರಿಸುವುದು, ಹುಡುಗರು ಚೆಂಡಾಡುವುದು, ಬೋಟುಗಳು ಬಂದರಿಗೆ ಸಾಲಾಗಿ ಮರಳುವುದು ಎಲ್ಲವನ್ನೂ ನೋಡುತ್ತ ಐಸ್‌ಕ್ರೀಮ್ ತಿನ್ನುತ್ತಿದ್ದರು. ಸಕ್ಕರೆ ಕಾಯಿಲೆ ಇದ್ದುದರಿಂದ ಅದನ್ನು ಅಕ್ಕನಿಗೆ ಹೇಳಬಾರದು ಎಂದು ಪ್ರತಿ ಸಲವೂ ನನಗೆ ತಾಕೀತು.

ಮೊದಲು ಏನೋ ಸರಿಯಿಲ್ಲ ಅನಿಸಿದ್ದು ಈಶ್ವರಮಂಗಲದಿಂದ ಮರಳುವಾಗ. ಅಲ್ಲಿ ಅವರ ತಂಗಿಯ ಮನೆ. ಊಟ ಮುಗಿಸಿ ಹೊರಟೆವು, ಕಾಕ ಕಾರು ಓಡಿಸುತ್ತಿದ್ದರು. ಹುಟ್ಟಿದಾಗಿನಿಂದ ಓಡಾಡಿದ ರಸ್ತೆ. ಸ್ವಲ್ಪ ಹೊತ್ತಿನಲ್ಲಿ ಅಂಗಡಿಗಳ ಬೋರ್ಡುಗಳೆಲ್ಲ ಮಲಯಾಳಂ ಆದವು, ಕೇರಳದ ಗಡಿ ದಾಟಿದ್ದೆವು. ಅವರು ಬೇರೆ ಯಾರನ್ನೋ ನೋಡಲು ಹೋಗುತ್ತಿದ್ದಾರೆ ಎಂದುಕೊಂಡು ನಾನು ಸುಮ್ಮನಿದ್ದೆ. ಒಂದು ಕೂಡುರಸ್ತೆಯಲ್ಲಿ ಕಾರು ನಿಲ್ಲಿಸಿ ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟು ಕುಳಿತರು. ಹಿಂದಿನಿಂದ ಜೀಪೊಂದು ಹಾರ್ನ್ ಹೊಡೆಯಿತು.

“ರಸ್ತೆ ಬದಲು ಮಾಡಿದ್ದಾರೆ,” ಎಂದರು.

ನಾನು ನಕ್ಕೆ. ಕಾಕ ನಗಲಿಲ್ಲ. ಅವರ ಕುತ್ತಿಗೆಯ ಮೇಲೆ ಬೆವರು ಇಳಿಯುತ್ತಿತ್ತು, ಕಾರಿನೊಳಗೆ ಎ.ಸಿ. ಇತ್ತು.

ಆ ವರ್ಷದ ಮಳೆಗಾಲದಲ್ಲಿ ನನ್ನ ತಂದೆ ತೀರಿಕೊಂಡರು. ಗುತ್ತಿಗಾರಿನಲ್ಲಿ ಅಣ್ಣನ ಜೊತೆ ಇದ್ದರು. ಸುದ್ದಿ ಬಂದಾಗ ನನ್ನನ್ನು ಕರೆದುಕೊಂಡು ಹೋದವರೇ ಕಾಕ. ಜಡಿಮಳೆಯಲ್ಲಿ ಚಿತೆಯ ಮೇಲೆ ತಗಡು ಹಿಡಿದವರಲ್ಲಿ ಅವರೂ ಒಬ್ಬರು. ಚಳಿಗಾಲ ಬಂತು. ಒಂದು ಭಾನುವಾರ ಕೊಯಿಲದಲ್ಲಿ ಚಾ ಕುಡಿಯುತ್ತಿದ್ದಾಗ ಕಾಕ ಹುಲ್ಲುಗುಡ್ಡವನ್ನೇ ನೋಡುತ್ತ ಕೇಳಿದರು.

“ತಂದೆಯವರು ಹುಷಾರಿದ್ದಾರಲ್ಲ?”

ತೀರಿಹೋದರಲ್ಲ ಕಾಕ, ನೀವೇ ಬಂದಿದ್ದಿರಿ ಎಂದೆ. ಅವರ ಮುಖದಲ್ಲಿ ಮೊದಲು ನೋವು ಕಂಡಿತು, ಆಗಷ್ಟೇ ಕೇಳಿದ ಸಾವಿನ ನೋವು. ಅದರ ಹಿಂದೆಯೇ ಬೇರೇನೋ ಬಂತು. ಪರೀಕ್ಷೆಯಲ್ಲಿ ಗೊತ್ತಿಲ್ಲದ ಪ್ರಶ್ನೆ ಕಂಡ ಮಕ್ಕಳ ಮುಖದಲ್ಲಿ ಅದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. “ಹೌದೌದು,” ಎಂದರು, “ಗೊತ್ತುಂಟು. ಬಾಯಿ ತಪ್ಪಿ ಹೋಯಿತು.” ಹಿಂದೆ ಬರುವಾಗ ಕಾರಿನ ಕೀ ನನ್ನ ಕೈಗೆ ಕೊಟ್ಟರು. ಅದು ಮೊದಲ ಸಲ.

ಮನೆಗೆ ಬಂದು ನನ್ನ ಹೆಂಡತಿಗೆ ಹೇಳಿದೆ. ಕೆಳಗಿನ ಅಡುಗೆಮನೆಯಲ್ಲಿ ಅಕ್ಕ ದೊಡ್ಡ ದನಿಯಲ್ಲಿ ಮಾತಾಡುವುದು ಈಚೆಗೆ ನಿಂತೇ ಹೋಗಿದೆ, ಗಮನಿಸಿದ್ದೀರಾ ಎಂದು ಅವಳು ಕೇಳಿದಳು. ನಾನು ಗಮನಿಸಿರಲಿಲ್ಲ. ಆಮೇಲೆ ಕಿವಿಗೊಟ್ಟರೆ, ಹೌದು, ಬರೀ ಪಾತ್ರೆಯ ಸದ್ದು.

ಸಂಕ್ರಾಂತಿಯ ಆಸುಪಾಸಿನಲ್ಲಿ ಗುತ್ತಿಗಾರಿಗೆ ಹೋದೆವು. ಅಣ್ಣನ ಬಾಳೆಗೆ ಆನೆ ನುಗ್ಗಿತ್ತು, ಅದನ್ನು ನೋಡಬೇಕೆಂದು ಕಾಕನೇ ಹಟ ಮಾಡಿದರು. ಹತ್ತು ಗಂಟೆಯ ಬಿಸಿಲು. ಕಾಡಿನ ಅಂಚಿನ ರಬ್ಬರ್ ಮರಗಳಿಗೆ ಆಗ ಎಲೆ ಉದುರುವ ಕಾಲ, ನಡೆದರೆ ಕಾಲಡಿಯಲ್ಲಿ ಚರಚರ ಸದ್ದು. ಮುರಿದ ಬಾಳೆಗಳನ್ನು ಅಣ್ಣ ನನಗೆ ತೋರಿಸುತ್ತಿದ್ದ. ಆನೆ ಇನ್ನೂ ಹಿಂದೆ ಹೋಗಿಲ್ಲ, ಮೇಲಿನ ಗುಡ್ಡದಲ್ಲೇ ಎಲ್ಲೋ ಉಂಟು ಎಂದು ಬೆಳಗ್ಗೆ ಅರಣ್ಯದವರು ಹೇಳಿ ಹೋಗಿದ್ದರಂತೆ. ಮಾತು ಮುಗಿಸಿ ತಿರುಗಿದರೆ ಕಾಕ ಇಲ್ಲ.

“ಅವು ಎಲ್ಲಿ?” ಅಣ್ಣ ನಮ್ಮ ಅರೆಭಾಷೆಯಲ್ಲಿ ಕಾಕನ ಬಗ್ಗೆ ಕೇಳಿದ, ದನಿ ತಗ್ಗಿಸಿ.

ಕೂಗಲು ಹೆದರಿಕೆ. ಕೂಗಿದರೆ ಕೇಳಿಸಿಕೊಳ್ಳುವುದು ಕಾಕ ಒಬ್ಬರೇ ಅಲ್ಲ. ಒಣ ಎಲೆಯ ಮೇಲೆ ಕಾಲಿಡುವ ಸದ್ದಿಗೆ ನಿಂತು, ಕಿವಿಗೊಟ್ಟು, ಮತ್ತೆ ಹೆಜ್ಜೆ ಇಡುತ್ತ ಹುಡುಕಿದೆವು. ಹಕ್ಕಿಗಳು ಕೂಗುತ್ತಿರಲಿಲ್ಲ, ಅಥವಾ ಕೂಗಿದ್ದು ನನಗೆ ಕೇಳಲಿಲ್ಲ. ಕೆಳಗಿನ ತೋಡಿನಲ್ಲಿ ಸಿಕ್ಕಿದರು. ಪ್ಯಾಂಟು ಮಡಚದೆ ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದರು. ದಡದಲ್ಲಿ ಬಿದ್ದಿದ್ದ ಲದ್ದಿಯಿಂದ ಇನ್ನೂ ಹಬೆ ಏಳುತ್ತಿತ್ತು. ಆಚೆಯ ಬಿದಿರುಮೆಳೆಯ ಕಡೆ ನೋಡುತ್ತ ಕಾಕ, ಗೋದಾಮಿನ ಮುಂದೆ ನಿಂತವರ ಹಾಗೆ, ಹಿಂದಿಯಲ್ಲಿ, ಸಾವಕಾಶವಾಗಿ, ಲಾರಿಯನ್ನು ಇನ್ನೂ ಹಿಂದೆ ತೆಗೆ, ಇನ್ನೂ ಹಿಂದೆ ಎಂದು ಕೈ ಬೀಸುತ್ತಿದ್ದರು. ಬಿದಿರು ಒಂದು ಸಲ ಅಲುಗಿತು. ಗಾಳಿಯೋ ಏನೋ. ನಾವಿಬ್ಬರೂ ಅವರ ತೋಳು ಹಿಡಿದು ಒಂದು ಮಾತೂ ಆಡದೆ ಅಂಗಳಕ್ಕೆ ಕರೆತಂದೆವು.

ಅಂದು ಸಂಜೆ ಅಕ್ಕನ ಎದುರು ಹೇಗೆ ಆರಂಭಿಸುವುದೆಂದು ತಿಳಿಯದೆ ನಿಂತಿದ್ದೆ. ಒಣಗಿದ ಬಟ್ಟೆ ಮಡಚುತ್ತಿದ್ದ ಅವರೇ ಮಾತೆತ್ತಿದರು.

“ಎಂತ ಆಯಿತು? ಎಲ್ಲಿಗಾದರೂ ಹೋಗಿಬಿಟ್ಟರಾ?”

“ನಿಮಗೆ ಗೊತ್ತುಂಟಾ ಅಕ್ಕ?”

“ಒಂದೂವರೆ ವರ್ಷ ಆಯಿತು. ಮಗಳಿಗೆ ಗೊತ್ತುಂಟು, ಮಂಗಳೂರಿನ ಡಾಕ್ಟ್ರಿಗೆ ಗೊತ್ತುಂಟು. ಮಾತ್ರೆ ಕೊಟ್ಟಿದ್ದಾರೆ. ನಿಧಾನ ಮಾಡಬಹುದು, ನಿಲ್ಲಿಸಲಿಕ್ಕೆ ಆಗುದಿಲ್ಲ ಅಂತ ಹೇಳಿದರು.” ಒಂದು ಅಂಗಿಯನ್ನು ಮಡಚಿದವರು ಬಿಡಿಸಿ ಮತ್ತೆ ಮಡಚಿದರು. “ಅಂಗಡಿಯಲ್ಲಿ ಈಗ ಅವರ ತಮ್ಮ ಕೂತುಕೊಳ್ಳುದು. ಇವರು ಬರೀ ಹೋಗಿ ಬರುದು. ನಿಮಗೆ ಹೇಳದೆ ಇದ್ದದ್ದು ಯಾಕೆ ಅಂದ್ರೆ, ಹೇಳಿದರೆ ನೀವು ಭಾನುವಾರ ಕರ್ಕೊಂಡು ಹೋಗುದು ನಿಲ್ಲಿಸಿಯಾರು ಅಂತ.”

ಮಡಚಿದ ಅಂಗಿಯನ್ನು ಬದಿಗಿಟ್ಟು ನನ್ನ ಕಡೆ ತಿರುಗಿದರು.

“ನಿಲ್ಲಿಸಬೇಡಿ ಮಾಸ್ಟ್ರೆ. ನೀರಿಂದ ಬಂದ ದಿವಸ ಅವರು ನನ್ನ ಹೆಸರು ಹಿಡಿದು ಕರೀತಾರೆ.”

ನಿಲ್ಲಿಸಲಿಲ್ಲ. ಆದರೆ ಆ ಮೇಲಿನ ಭಾನುವಾರಗಳು ಬೇರೆ. ಮಡುವಿನಲ್ಲಿ ಕಾಕ ಮುಳುಗು ಹಾಕಿದರೆ ಅವರು ಮೇಲೆ ಬರುವವರೆಗೂ ನನ್ನ ಉಸಿರು ಕಟ್ಟುತ್ತಿತ್ತು. ಅವರು ಮಾತ್ರ ನೀರಿನಲ್ಲಿ ಹಿಂದಿನ ಹಾಗೇ ಇದ್ದರು. ಕೈ ಬೀಸುವುದರಲ್ಲಿ ಒಂದಿಷ್ಟೂ ತಪ್ಪಿಲ್ಲ, ಉಸಿರು ಸರಿಯಾಗಿ ತೆಗೆದುಕೊಳ್ಳುತ್ತಿದ್ದರು. ದಡಕ್ಕೆ ಬಂದು ಅಂಗಿಯ ಗುಂಡಿ ಹಾಕುವಾಗ ತಡವರಿಸುತ್ತಿದ್ದರು. ಮರಳು ತೆಗೆಯುವವರು ಹೊಳೆಯಲ್ಲಿ ಹೊಸ ಗುಂಡಿಗಳನ್ನು ಮಾಡಿದ್ದರು, ಮೇಲಿನಿಂದ ನೋಡಿದರೆ ನೀರಿನ ಬಣ್ಣ ಅಲ್ಲಲ್ಲಿ ಕಪ್ಪು. ಹೊಳೆಗಿಂತ ಕಡಲೇ ಒಳ್ಳೆಯದು, ಅಲ್ಲಿ ಸುತ್ತ ಜನ ಇರುತ್ತಾರೆ ಎಂದು ನಾನೇ ತೀರ್ಮಾನಿಸಿದೆ.

ಹಾಗಾಗಿ ಫೆಬ್ರವರಿಯ ಒಂದು ಭಾನುವಾರ ಮಂಗಳೂರಿಗೆ ಹೊರಟೆವು. ಅಕ್ಕನೂ ಬಂದರು. ಬೆಳಗಿನ ಹೊತ್ತು, ಗಾಳಿ ಇನ್ನೂ ನೆಲದಿಂದ ಕಡಲಿನ ಕಡೆಗೇ ಬೀಸುತ್ತಿತ್ತು. ಕಡಲು ಎಣ್ಣೆ ಸುರಿದ ಹಾಗೆ ಸಪಾಟು. ದಡದಲ್ಲಿ ಒಂದು ಸಂಸಾರ ಮಗುವಿನ ಹುಟ್ಟುಹಬ್ಬಕ್ಕೆ ಬಲೂನು ಕಟ್ಟುತ್ತಿತ್ತು. ಗಾಳಿಮರದ ನೆರಳಿನಲ್ಲಿ ಅಕ್ಕ ಚಾಪೆ ಹಾಸಿ ಕುಳಿತರು. ನಾವಿಬ್ಬರೂ ಇಳಿದೆವು.

ಎಂದಿನಂತೆ ಅಲೆ ಒಡೆಯುವ ಗೆರೆ ದಾಟಿ ಸ್ವಲ್ಪ ದೂರ ಹೋಗಿ ಎಡಕ್ಕೆ ತಿರುಗುವುದು ನಮ್ಮ ಕ್ರಮ. ಕಾಕ ತಿರುಗಲಿಲ್ಲ. ನಾನು ಕರೆದೆ. ನೀರಿನಲ್ಲಿ ಮುಖವಿಟ್ಟು ನೇರ ಪಡುವಣಕ್ಕೆ ಹೋಗುತ್ತಿದ್ದರು, ಅವಸರವೇ ಇಲ್ಲದೆ. ಹಿಂದೆ ಬಿದ್ದೆ. ಎಷ್ಟು ಬೀಸಿದರೂ ನಡುವಿನ ದೂರ ಕಡಿಮೆಯಾಗಲಿಲ್ಲ. ಒಮ್ಮೆ ತಿರುಗಿ ನೋಡಿದರೆ ಬಲೂನುಗಳು ಬಣ್ಣದ ಚುಕ್ಕಿಗಳಾಗಿದ್ದವು. ನೀರು ಮೇಲೆ ಬೆಚ್ಚಗೆ, ಕಾಲಿನ ಹತ್ತಿರ ತಣ್ಣಗೆ. ನನ್ನ ಸದ್ದಲ್ಲದೆ ಬೇರೆ ಸದ್ದಿಲ್ಲ.

ಕೊನೆಗೆ ಅವರೇ ನಿಂತರು, ನಿಂತಲ್ಲೇ ಕಾಲಾಡಿಸುತ್ತ. ಹತ್ತಿರ ಹೋದೆ.

“ಕಾಕ, ಸಾಕು. ಹಿಂದೆ ಹೋಗುವ.”

ನನ್ನನ್ನು ನೋಡಿದರು. ಕಣ್ಣಿನಲ್ಲಿ ಗುರುತೇ ಇಲ್ಲ.

“ನೀವು ಯಾರು?” ಎಂದರು.

“ನಾನು ಮಾಸ್ಟ್ರು. ಮೇಲಿನ ಮನೆಯವ.”

“ನನ್ನ ಹಿಂದೆ ಯಾಕೆ ಬರುದು?” ದನಿ ಗಡುಸಾಗಿತ್ತು. ನಾನು ಕೈ ಚಾಚಿದೆ, ಅವರು ಹಿಂದೆ ಸರಿದರು. ಅವರನ್ನು ಹಿಡಿದು ಎಳೆಯುವ ಶಕ್ತಿ ನನಗಿಲ್ಲ ಎಂದು ಆಗ ಸ್ಪಷ್ಟವಾಯಿತು. ಹಿಡಿದರೆ ಇಬ್ಬರೂ ಮುಳುಗುತ್ತೇವೆ, ಬಿಟ್ಟರೆ ಅವರು ಹೀಗೇ ಹೋಗುತ್ತಾರೆ. ಯೋಚಿಸುತ್ತಿರುವಾಗಲೇ ನನ್ನ ಬಲಗಾಲಿನ ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಯಿತು. ಕಾಲು ಮಡಚಲಾಗಲಿಲ್ಲ. ಬಾಯಿಗೆ ಉಪ್ಪುನೀರು ನುಗ್ಗಿತು, ಕೆಮ್ಮಿದೆ, ಮತ್ತೆ ನೀರು. ಆಕಾಶ ಬಿಳಿಯಾಗಿ ಉರಿಯುತ್ತಿತ್ತು. ಅದು ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು.

ಗಲ್ಲದ ಕೆಳಗೆ ಒಂದು ಕೈ ಬಂತು.

“ಒದ್ದಾಡಬೇಡಿ. ಮೇಲೆ ಮಲಗಿ. ಆಕಾಶ ನೋಡಿ,” ಎಂದಿತು ಕಿವಿಯ ಹತ್ತಿರ ಕಾಕನ ದನಿ. “ನಾನು ಉಂಟಲ್ಲ.”

ಮಲಗಿದೆ. ನನ್ನನ್ನು ಎಳೆದುಕೊಂಡು ದಡದ ಕಡೆ ಈಜಿದರು. ಬಹಳ ಹೊತ್ತು ಹಿಡಿಯಿತು, ಗಾಳಿ ಎದುರಿತ್ತು. ಅವರ ಉಸಿರು ಏರುವುದು ಕೇಳುತ್ತಿತ್ತು, ಆದರೆ ಗಲ್ಲದ ಕೈ ಒಮ್ಮೆಯೂ ಸಡಿಲವಾಗಲಿಲ್ಲ. ಮರಳು ಬೆನ್ನಿಗೆ ತಾಗಿದಾಗ ಅಕ್ಕ ಸೀರೆಯೊಂದಿಗೇ ಮೊಣಕಾಲು ನೀರಿನಲ್ಲಿ ನಿಂತಿದ್ದರು. ಬಲೂನಿನವರು ಓಡಿ ಬಂದರು.

ಕಾಕ ನನ್ನ ಮಗ್ಗುಲಲ್ಲೇ ಕುಳಿತು ಏದುಸಿರು ಬಿಡುತ್ತಿದ್ದರು. ಅಕ್ಕನನ್ನು ನೋಡಿ ಹೇಳಿದರು, “ಪಾಪ, ಯಾರೋ. ಈಜಲಿಕ್ಕೆ ಸರಿ ಬರುದಿಲ್ಲ, ಅಷ್ಟು ದೂರ ಬಂದಿದ್ದಾರೆ. ಇವರ ಮನೆಯವರು ಎಲ್ಲಿ?”

ಅಕ್ಕ ನನ್ನ ಕಡೆ ನೋಡಿದರು. “ಬರ್ತಾರೆ,” ಎಂದರು ಗಂಡನಿಗೆ.

ಹಿಂದೆ ಹೋಗುವಾಗ ನಾನು ಕಾರು ಓಡಿಸಿದೆ. ಕಾಕ ಹಿಂದಿನ ಸೀಟಿನಲ್ಲಿ ಅಕ್ಕನ ಹೆಗಲಿಗೆ ತಲೆಯಾನಿಸಿ ನಿದ್ದೆ ಹೋಗಿದ್ದರು. ಅಕ್ಕನ ಹೆಸರನ್ನು ಅವರು ಆ ದಿವಸ ಕರೆಯಲಿಲ್ಲ. ಮರುದಿನ ಬೆಳಗ್ಗೆ ನನ್ನನ್ನು ಮೆಟ್ಟಿಲ ಬಳಿ ಕಂಡು, “ಎಂತ ಮಾಸ್ಟ್ರೆ, ಕುಂಟುದು?” ಎಂದು ಕೇಳಿದರು. ಶಾಲೆಯಲ್ಲಿ ಜಾರಿದೆ ಎಂದೆ.

ನಾವು ಮತ್ತೆ ನೀರಿಗೆ ಇಳಿಯಲಿಲ್ಲ. ಗೇಟಿಗೆ ಬೀಗ ಬಂತು. ಭಾನುವಾರ ನಾನು ಕೆಳಗೆ ಹೋಗಿ ಅವರ ಜೊತೆ ಕೂರುತ್ತೇನೆ. ಕೆಲವು ಸಲ ನಾನು ಮಾಸ್ಟ್ರು, ಕೆಲವು ಸಲ ಗೋದಾಮಿನ ಗುಮಾಸ್ತ. ಅವರು ಎದ್ದು ಗೇಟಿನ ತನಕ ನಡೆಯುತ್ತಾರೆ, ಬೀಗವನ್ನು ಕೈಯಲ್ಲಿ ತೂಗಿ ನೋಡುತ್ತಾರೆ, ಮರಳಿ ಬರುತ್ತಾರೆ. ಹೋದ ತಿಂಗಳು ಯಾರೋ ಗ್ಯಾಸ್ ತಂದವರು ಗೇಟು ಹಾಕದೆ ಹೋದರು. ಮಧ್ಯಾಹ್ನದ ಉರಿಬಿಸಿಲಿನಲ್ಲಿ ಪೇಟೆಯೆಲ್ಲ ಹುಡುಕಿದೆವು. ಬಸ್ ಸ್ಟ್ಯಾಂಡಿನಲ್ಲಿ, ಮಂಗಳೂರಿಗೆ ಹೊರಡಲಿದ್ದ ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತಿದ್ದರು. ಕಂಡಕ್ಟರಿಗೆ ಅವರ ಗುರುತಿತ್ತು, ಬಸ್ಸನ್ನು ಬಿಡಿಸದೆ ನಿಲ್ಲಿಸಿಕೊಂಡಿದ್ದ.

ಇಳಿಸಿ ರಿಕ್ಷಾದಲ್ಲಿ ಕೂರಿಸಿದೆ. ಜಗಳ ಮಾಡಲಿಲ್ಲ. ಸ್ವಲ್ಪ ದೂರ ಬಂದ ಮೇಲೆ ಮೆಲ್ಲಗೆ ಕೇಳಿದರು.

“ಕಡಲು ಯಾವ ಕಡೆ?”

ನಾನು ಪೂರ್ವಕ್ಕೆ, ಘಟ್ಟದ ಕಡೆಗೆ ಕೈ ತೋರಿಸಿದೆ. ಕಾಕ ನನ್ನ ಕೈಯನ್ನು ನೋಡಿದರು. ಆಮೇಲೆ ರಿಕ್ಷಾದ ಹೊರಗೆ ತಲೆ ಹಾಕಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಸೂರ್ಯ ವಾಲಿದ್ದ ಕಡೆಗೆ ಮುಖ ತಿರುಗಿಸಿ ಕುಳಿತರು. ಮನೆ ಬರುವವರೆಗೂ ಹಾಗೇ ಇದ್ದರು.