ಹನ್ನೊಂದು ನಿಮಿಷದ ಹಾಡು

ಜಗಳೂರಿನ ಸಂಧ್ಯಾರಾಣಿ ನ್ಯಾಮತಿಯ ಒಂದು ಹೈಸ್ಕೂಲಿಗೆ ಕಂಪ್ಯೂಟರ್ ಟೀಚರಾಗಿ ಬಂದಾಗ ಅವಳಿಗೆ ಇಪ್ಪತ್ತೇಳು ವರ್ಷ. ಗುತ್ತಿಗೆಯ ಕೆಲಸ, ಮುಂದುವರಿಸಿದರೆ ಉಂಟು, ಇಲ್ಲವಾದರೆ ಇಲ್ಲ. ಬೀಗ ತೆಗೆದು ನೋಡಿದರೆ ಹತ್ತು ಕಂಪ್ಯೂಟರುಗಳಲ್ಲಿ ಏಳರ ಹಾರ್ಡ್‌ಡಿಸ್ಕ್ ಕೆಟ್ಟಿತ್ತು. ರಿಪೇರಿಗೆಂದು ಬರೆದ ಅರ್ಜಿಗಳು ಎಲ್ಲಿ ಹೋದವೋ ಯಾರಿಗೂ ಗೊತ್ತಿರಲಿಲ್ಲ.

ದಾವಣಗೆರೆಯಲ್ಲಿ ಜೊತೆಗೆ ಓದಿದ್ದ ಸುಚಿತ್ರಾ ಲಿನಕ್ಸ್ ಎಂಬ ಉಚಿತ ತಂತ್ರಾಂಶದ ಒಂದು ಸಿಡಿ ಕೊಟ್ಟಳು. ಅದನ್ನು ಹಾಕಿ ಕಂಪ್ಯೂಟರ್ ಚಾಲೂ ಮಾಡಿದರೆ ಹಾರ್ಡ್‌ಡಿಸ್ಕಿನ ಹಂಗಿಲ್ಲದೆ ಎಲ್ಲವೂ ಸಿಡಿಯಿಂದಲೇ ನಡೆಯುತ್ತಿತ್ತು. ಕೆಟ್ಟು ನಿಂತಿದ್ದ ಏಳೂ ಪರದೆಗಳು ಬೆಳಗಿದವು. ಸಿಡಿಯೊಳಗೆ ಹಾಡು, ಚಿತ್ರ, ಕಥೆಗಳೂ ಇದ್ದವು. ಮಾಡಿದವರೇ ‘ಯಾರು ಬೇಕಾದರೂ ಬಳಸಿ, ಹಂಚಿ, ಬದಲಿಸಿ’ ಎಂದು ಮುಕ್ತ ಪರವಾನಗಿ ಕೊಟ್ಟು ಬಿಟ್ಟಂಥವು. ಕನ್ನಡದ್ದು ಮಾತ್ರ ಒಂದೂ ಇರಲಿಲ್ಲ. ನಮ್ಮದೇ ಒಂದು ಸಿಡಿ ಮಾಡೋಣ ಎಂದು ಅವಳು ಹೊರಟದ್ದು ಅಲ್ಲಿಂದ.

ಎರಡು ವರ್ಷ ರಜೆಯ ದಿನಗಳೆಲ್ಲ ಅದಕ್ಕೇ ಹೋದವು. ಚನ್ನಗಿರಿಯಲ್ಲಿ ಬೋರ್ಡ್ ಬರೆಯುವವರು ಚಿತ್ರ ಕೊಟ್ಟರು, ಹೊನ್ನಾಳಿಯ ನಿವೃತ್ತ ಮೇಷ್ಟ್ರೊಬ್ಬರು ಕಥೆ ಹೇಳಿದರು. ಸೂಳೆಕೆರೆಯ ಪಕ್ಕದ ಹಳ್ಳಿಯಲ್ಲಿ ಭತ್ತದ ನಾಟಿ ಪದಗಳಿಗೆ ಹೆಸರಾದ ಹನುಮಂತಮ್ಮ ಸಿಕ್ಕಿದಳು. ವಯಸ್ಸು ಎಪ್ಪತ್ತರ ಹತ್ತಿರ.

ಹಾಡಿಸುವ ಮುಂಚೆ ಸಂಧ್ಯಾರಾಣಿ ಎಲ್ಲವನ್ನೂ ಬಿಡಿಸಿ ಹೇಳಿದಳು. “ಅಜ್ಜಿ, ಇದನ್ನ ಯಾರು ಬೇಕಾದ್ರೂ ಕೇಳಬೌದು, ಬದಲು ಮಾಡಿ ಇನ್ನೊಂದಕ್ಕೆ ಹಾಕ್ಕಬೌದು. ಆಮ್ಯಾಲೆ ಬ್ಯಾಡ ಅನ್ನಾಕೆ ಬರಲ್ಲ. ಒಪ್ಪಿಗೆ ಐತಾ?”

“ಹೋಗೋವಾಗ ನಾನೇನು ಗಂಟು ಕಟ್ಕೊಂಡು ಹೋಗ್ತೀನೇನವ್ವಾ? ಹಾಕ್ಕೋ,” ಎಂದು ಹನುಮಂತಮ್ಮ ಹೆಬ್ಬೆಟ್ಟು ಒತ್ತಿದಳು.

ಹಾಡು ಹನ್ನೊಂದು ನಿಮಿಷದ್ದು. ಮೊದಲಲ್ಲಿ ನಾಟಿಯ ಕೈಗೆ ತಕ್ಕ ಚುರುಕು ನಡೆ. ಬರಬರುತ್ತ ನಿಧಾನವಾಗಿ, ಕೊನೆಗೆ ‘ಚೌಡೀ’ ಎಂಬ ಒಂದೇ ಹೆಸರು ಮತ್ತೆ ಮತ್ತೆ ಬರುತ್ತಿತ್ತು. ಚೌಡಮ್ಮನ ಹೆಸರಿರಬೇಕು ಎಂದುಕೊಂಡ ಸಂಧ್ಯಾರಾಣಿ ಅದು ಯಾರೆಂದು ಕೇಳಲಿಲ್ಲ.

ಸಿಡಿ ಕಟ್ಟಲು ಕೂತಾಗ ತೊಂದರೆ ಗೊತ್ತಾಯಿತು. ಲಿನಕ್ಸೇ ಮುಕ್ಕಾಲು ಜಾಗ ನುಂಗಿತ್ತು. ಕನ್ನಡ ಅಕ್ಷರಗಳು ಒಡೆಯದಂತೆ ಮಾಡಲು ಇನ್ನಷ್ಟು ಹೋಯಿತು. ಹಾಡುಗಳನ್ನು ಕುಗ್ಗಿಸಿದರೆ ದನಿ ಡಬ್ಬದೊಳಗಿಂದ ಬಂದಂತಾಗುತ್ತಿತ್ತು. ಹಾಗಾಗಿ ಕತ್ತರಿಸಿದಳು. ಹನುಮಂತಮ್ಮನದು ಮೊದಲ ನಾಲ್ಕು ನಿಮಿಷ ಉಳಿಯಿತು. ಮುಂದಿನದು ಬರೀ ದೇವರ ಹೆಸರು ತಾನೆ. ರೆಕಾರ್ಡರಿನ ಕಾರ್ಡ್ ತುಂಬಿದಾಗ, ಇನ್ನೊಬ್ಬರ ಹಾಡಿಗೆ ಜಾಗ ಮಾಡಲು ಪೂರ್ತಿ ಹಾಡನ್ನೂ ಅಳಿಸಿದಳು.

ಸಿಡಿ ಚೆನ್ನಾಗಿಯೇ ಬಂತು. ನಲವತ್ತು ಪ್ರತಿ ಹಂಚಿದಳು, ಇಂಟರ್‌ನೆಟ್ಟಿಗೂ ಏರಿಸಿದಳು. ಒಂದು ವರ್ಷ ಮಕ್ಕಳು ಬಳಸಿದರು. ಮುಂದಿನ ಜೂನ್‌ನಲ್ಲಿ ಗುತ್ತಿಗೆ ಮುಗಿಯಿತು, ಕೊಠಡಿಗೆ ಮತ್ತೆ ಬೀಗ ಬಿತ್ತು. ಅವಳು ಮದುವೆಯಾಗಿ ಚನ್ನಗಿರಿಗೆ ಬಂದು, ತಾಲ್ಲೂಕು ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡತೊಡಗಿದಳು.

ಹನ್ನೆರಡು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ, ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಅವಳನ್ನು ಹುಡುಕಿಕೊಂಡು ಅಂಗಡಿಗೆ ಬಂದಳು. “ನಾನು ಹನುಮಂತಮ್ಮನ ಮಗಳು ಕಸ್ತೂರಮ್ಮ. ಇದನ್ನ ನೋಡ್ರಿ ಮೇಡಂ,” ಎಂದು ಮೊಬೈಲ್ ಮುಂದಿಟ್ಟಳು.

ದಪ್ಪನೆಯ ಗಂಡಸೊಬ್ಬ ಕೆಸರುಗದ್ದೆಯಲ್ಲಿ ಜಾರಿ ಜಾರಿ ಬೀಳುತ್ತಿದ್ದ. ಹಿಂದೆ ತಮಟೆಯ ಸದ್ದು, ಅದರ ಜೊತೆ ವೇಗ ಹೆಚ್ಚಿಸಿ ಓಡಿಸಿದ ಹನುಮಂತಮ್ಮನ ದನಿ. ನೋಡಿದವರು ಲಕ್ಷಗಟ್ಟಲೆ.

“ಇದು ಅವ್ವ ನಮ್ಮಕ್ಕನ ಮ್ಯಾಲೆ ಕಟ್ಟಿದ ಪದ ಕಣ್ರಿ,” ಎಂದಳು ಕಸ್ತೂರಮ್ಮ. “ಅಕ್ಕ ಚೌಡೇಶ್ವರಿ. ನಾಟಿ ಮಾಡ್ತಾ ಇದ್ದಾಗ್ಲೇ ಹಾವು ಮುಟ್ತು. ಮನೆಗೆ ತರೋದ್ರೊಳಗೆ ಜೀವ ಹೋಗಿತ್ತು. ಈಗ ಊರೋರೆಲ್ಲ ಇದನ್ನ ನೋಡಿ ನಗ್ತಾರೆ. ಅವ್ವಗೆ ಇನ್ನಾ ತೋರಿಸಿಲ್ಲ.”

ಸಂಧ್ಯಾರಾಣಿ ವಿಡಿಯೋ ನಿಲ್ಲಿಸಿದಳು.

“ತೆಗೆಸಾಕೆ ಬರಲ್ವಾ ಮೇಡಂ?”

“ಬರಲ್ಲ ರೀ. ಯಾರು ಬೇಕಾದ್ರೂ ಬದಲು ಮಾಡಬೌದು ಅಂತ ಹೆಬ್ಬೆಟ್ಟು ಒತ್ತಿಸ್ಕೊಂಡೋಳೇ ನಾನು.”

“ಹೋಗ್ಲಿ, ಪೂರ್ತಿ ಪದನಾದ್ರೂ ಕೊಡ್ರಿ. ಅಕ್ಕನ ಹೆಸರು ಕೇಳಿದ್ರೆ ಜನಕ್ಕೆ ಇದು ನಗೋದಲ್ಲ ಅಂತ ತಿಳೀತೈತೆ.”

“ಅದು ನನ್ನತ್ರ ಇಲ್ಲ. ದೇವರ ಹೆಸರು ಅನ್ಕೊಂಡು ಅಳಿಸಿಬಿಟ್ಟೆ.”

ಕಸ್ತೂರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಸಂಧ್ಯಾರಾಣಿಗೆ ಅನ್ನಿಸಿತು.

ಮುಂದಿನ ಭಾನುವಾರ ಅವಳು ಸೂಳೆಕೆರೆಯ ಬಸ್ಸು ಹತ್ತಿದಳು. ಹನುಮಂತಮ್ಮ ಎಂಬತ್ತು ದಾಟಿದ್ದಳು, ಚಾಪೆ ಬಿಟ್ಟು ಏಳುತ್ತಿರಲಿಲ್ಲ. ವಿಡಿಯೋದ ಮಾತು ಯಾರೂ ಎತ್ತಲಿಲ್ಲ. ‘ಇನ್ನೊಮ್ಮೆ ಹಾಡು, ಅಜ್ಜಿ’ ಎಂದದ್ದಕ್ಕೆ ಮುದುಕಿ ಖುಷಿಯಾಗಿಯೇ ಶುರು ಮಾಡಿದಳು. ಸಸಿಮಡಿಗೆ ಇಳಿದದ್ದು, ಸಸಿ ಕಿತ್ತದ್ದು, ಸಾಲು ಹಿಡಿದದ್ದು ಎಲ್ಲ ಸರಿಯಾಗಿ ಬಂತು. ಹಾಡು ನಿಧಾನವಾಗಬೇಕಾದ ಜಾಗದಲ್ಲಿ ನಿಂತಳು. ತುಟಿ ಆಡಿದವು, ದನಿ ಬರಲಿಲ್ಲ.

“ಮುಂದೇನಿತ್ತೇ ಕಸ್ತೂರಿ?”

ಕಸ್ತೂರಮ್ಮನಿಗೂ ಬರುತ್ತಿರಲಿಲ್ಲ. ಅವ್ವ ಇರುವಾಗ ತಾನೇಕೆ ಕಲಿಯಬೇಕೆಂದು ಅವಳು ಕಲಿತಿರಲಿಲ್ಲ. ಹನುಮಂತಮ್ಮ ಮತ್ತೆ ಮೊದಲಿಂದ ಹಿಡಿದಳು, ಮತ್ತೆ ಅಲ್ಲೇ ನಿಂತಳು. ಮೂರನೇ ಸಲಕ್ಕೆ ಮಗಳೇ ತಡೆದು ನೀರು ಕುಡಿಸಿದಳು.

ಚನ್ನಗಿರಿಗೆ ಮರಳಿದ ಸಂಧ್ಯಾರಾಣಿ, ಇಂಟರ್‌ನೆಟ್ಟಿನಲ್ಲಿ ಹಾಡು ಇದ್ದ ಪುಟವನ್ನು ತೆರೆದು ಹನುಮಂತಮ್ಮನ ಹೆಸರಿನ ಕೆಳಗೆ ಬರೆದಳು: ‘ಇದು ಮಗಳು ಚೌಡೇಶ್ವರಿಯ ಸಾವಿಗೆ ತಾಯಿ ಕಟ್ಟಿದ ಹಾಡು. ಕೊನೆಯ ಏಳು ನಿಮಿಷ ಇಲ್ಲ. ಕತ್ತರಿಸಿದವಳು ನಾನು.’ ವಿಡಿಯೋ ಮಾಡಿದವನಿಗೂ ಪತ್ರ ಹಾಕಿದಳು. ಅವನು ಕೈಮುಗಿದ ಚಿತ್ರವೊಂದನ್ನು ಕಳಿಸಿ ಸುಮ್ಮನಾದ.

ಆ ಆಷಾಢದಲ್ಲಿ ಹನುಮಂತಮ್ಮ ತೀರಿಕೊಂಡಳು. ಕಸ್ತೂರಮ್ಮ ಹೇಳಿಕಳಿಸಲಿಲ್ಲ. ಪಹಣಿ ಜೆರಾಕ್ಸಿಗೆ ಬಂದ ಆ ಹಳ್ಳಿಯವರೊಬ್ಬರು ಮಾತಿನ ನಡುವೆ ಹೇಳಿದಾಗ ಮಣ್ಣಾಗಿ ಹದಿನಾರು ದಿನ ಕಳೆದಿತ್ತು.